ಬಿದ್ದ ಬೈಕು ಹೇಳಿದ್ದು

ಸೆಕೆಂಡ್ ಹ್ಯಾಂಡ್ ಬೈಕು ನೋಡಲು ಹೋದವರ ಕಣ್ಣು ಮೊದಲು ಬೀಳುವುದು ಪೆಟ್ರೋಲ್ ಟ್ಯಾಂಕಿನ ಮೇಲೆ. ಹೊಳಪು ನೋಡುತ್ತಾರೆ, ಸ್ಟಿಕ್ಕರ್ ನೋಡುತ್ತಾರೆ, ಎಷ್ಟು ಕಿಲೋಮೀಟರ್ ಓಡಿದೆ ಎಂದು ಮೀಟರಿನತ್ತ ಬಗ್ಗುತ್ತಾರೆ, ಸೆಲ್ಫ್ ಒತ್ತಿ ಸದ್ದು ಕೇಳುತ್ತಾರೆ. ಹ್ಯಾಂಡಲ್ ಕೂರುವ ಚಾಸಿಯ ಕತ್ತಿಗೆ ಟಾರ್ಚು ಬಿಟ್ಟು ನೋಡುವವರನ್ನು ನಾನು ಕಂಡದ್ದು ಬಹಳ ಕಡಿಮೆ. ಬಹುಪಾಲು ಬೈಕುಗಳಲ್ಲಿ ಚಾಸಿ ನಂಬರು ಗುದ್ದಿರುವುದು ಆ ಕತ್ತಿನ ಮೇಲೆಯೇ. ಆರ್‌ಟಿಒ ಕೆಲಸಕ್ಕೆಂದು ಪೆನ್ಸಿಲ್ ಉಜ್ಜಿ ಟೇಪು ಅಂಟಿಸಿ ಪ್ರಿಂಟ್ ತೆಗೆಯುತ್ತಾರಲ್ಲ, ಆ 17 ಅಕ್ಷರ-ಅಂಕಿಗಳ ಆಸುಪಾಸಿನಲ್ಲೇ, ಎದುರಿನಿಂದ ಬಲವಾದ ಏಟು ತಿಂದ ಗಾಡಿಯಲ್ಲಿ ಬಣ್ಣ ಸಣ್ಣಗೆ ಸುಕ್ಕುಗಟ್ಟಿರುತ್ತದೆ, ಇಲ್ಲವೇ ಬೆಸುಗೆಯ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿರುತ್ತದೆ. ನಂಬರು ತಾಳೆ ನೋಡುವವರು ಸುಕ್ಕು ನೋಡದೆ ಎದ್ದುಬಿಡುತ್ತಾರೆ.

ಆ ಸುಕ್ಕು ಇಲ್ಲವೆಂದು ಖಾತ್ರಿಯಾದ ಮೇಲೆಯೇ ನಾನು ಮುಂಗಡ ಕೊಟ್ಟದ್ದು. ಮೈಸೂರಿನ ಹೊರವಲಯದ ಒಂದು ಮನೆಯ ಮುಂದೆ ತಾಡಪಾಲು ಹೊದ್ದು ನಿಂತಿದ್ದ ಯಮಹಾ ಆರ್15 ಅದು. ಎರಡನೇ ಆವೃತ್ತಿಯದು, ನೀಲಿ ಬಣ್ಣದ್ದು. ಎಡಗಡೆಯ ಪ್ಲಾಸ್ಟಿಕ್ ಹೊದಿಕೆ, ಅಂದರೆ ಫೇರಿಂಗು, ಚೂರುಗಳಾಗಿ ಗೋಣಿಚೀಲದಲ್ಲಿತ್ತು. ಹೆಡ್‌ಲೈಟಿನ ಗಾಜು ಒಡೆದಿತ್ತು, ಕ್ಲಚ್ ಲಿವರ್ ಅರ್ಧಕ್ಕೆ ಮುರಿದಿತ್ತು, ಎಡಗಡೆಯ ಕನ್ನಡಿಯ ಜಾಗದಲ್ಲಿ ಎರಡು ತೂತುಗಳಷ್ಟೇ ಉಳಿದಿದ್ದವು. ಮನೆಯ ಯಜಮಾನರು ಗಾಡಿಯ ಹತ್ತಿರ ಬರದೆ ಮೆಟ್ಟಿಲ ಮೇಲೆಯೇ ನಿಂತು ಮಾತಾಡಿದರು. "ನಮ್ ಹುಡುಗಂಗೆ ಕಾಲರ್ ಬೋನ್ ಮುರೀತು ಸರ್. ದೇವ್ರು ದೊಡ್ಡೋನು, ಅಷ್ಟಕ್ಕೇ ಬಿಟ್ಟ. ಇದು ನಮ್ಮನೆ ಬಾಗ್ಲಲ್ಲಿ ಇರ್ಬಾರ್ದು, ಅಷ್ಟೆ." ಸ್ವಲ್ಪ ಹೊತ್ತು ಸುಮ್ಮನಿದ್ದು ಇನ್ನೊಂದು ಮಾತು ಸೇರಿಸಿದರು: "ಗುಜರಿಯೋರೂ ಬಂದು ಕೇಳಿದ್ರು, ಶೆಡ್‌ನೋರೂ ಕೇಳಿದ್ರು. ಅವರು ಬಣ್ಣ ಹೊಡ್ದು ಇನ್ಯಾರಿಗೋ ಮಾರ್ತಾರೆ. ನೀವು ಮೇಷ್ಟ್ರು ಅಂತ ಕೊಡ್ತಾ ಇದೀನಿ. ಇನ್ನೊಬ್ರ ಮನೆ ಮಗು ಇದರ ಮೇಲೆ ಕೂರೋಕ್ ಮುಂಚೆ ಸರಿಯಾಗ್ ನೋಡಿ."

ಆಮೇಲೆ ನಾನು ಮಾಡಿದ ಕೆಲಸವೆಲ್ಲ ಆ ಒಂದು ಮಾತಿಗೆ ಕಟ್ಟುಬಿದ್ದು ಮಾಡಿದ್ದು.

ಆರ್15 ನಮ್ಮ ಊರುಗಳಿಗೆ ಬಂದದ್ದು 2008ರಲ್ಲಿ. ಅದುವರೆಗೆ ಮಧ್ಯಮ ವರ್ಗದ ಹುಡುಗರಿಗೆ ಪೂರ್ತಿ ಫೇರಿಂಗಿನ ರೇಸಿಂಗ್ ಬೈಕೆಂದರೆ ಪೋಸ್ಟರಿನಲ್ಲಿ ನೋಡುವ ವಸ್ತು. 149 ಸಿಸಿಯ ಸಣ್ಣ ಎಂಜಿನ್ನಿಗೆ ನೀರಿನ ತಂಪು, ನಾಲ್ಕು ವಾಲ್ವು, ಫ್ಯುಯೆಲ್ ಇಂಜೆಕ್ಷನ್, ಆರು ಗೇರು ಕೊಟ್ಟು, 17 ಪಿಎಸ್ ಶಕ್ತಿಯನ್ನು ಹೊರಡಿಸಿದ್ದು ಆ ಕಾಲಕ್ಕೆ ದೊಡ್ಡ ಸಂಗತಿ. ಅದಕ್ಕಿಂತ ದೊಡ್ಡದು ಅದರ ಡೆಲ್ಟಾಬಾಕ್ಸ್ ಚಾಸಿ. ಕತ್ತಿನಿಂದ ಹಿಂದಿನ ಸ್ವಿಂಗ್ ಆರ್ಮಿನ ಬುಡದವರೆಗೆ ಎರಡು ಅಗಲವಾದ ತೊಲೆಗಳು ಓಡುತ್ತವೆ, ಎಂಜಿನ್ನು ಅವುಗಳ ನಡುವೆ ತೂಗುತ್ತದೆ. 1980ರ ದಶಕದ ಯಮಹಾ ರೇಸ್ ಬೈಕುಗಳಲ್ಲಿ ಬೆಳೆದ ವಿನ್ಯಾಸ ಅದು. ತಿರುವಿನಲ್ಲಿ ಮಲಗಿಸಿದಾಗ ಗಾಡಿ ಹಿಡಿದ ದಾರಿ ಬಿಡದಿರುವುದು ಈ ತೊಲೆಗಳ ಗಟ್ಟಿತನದಿಂದ. 2011ರ ಎರಡನೇ ಆವೃತ್ತಿಗೆ ಅಲ್ಯೂಮಿನಿಯಂ ಸ್ವಿಂಗ್ ಆರ್ಮು, ಅಗಲವಾದ ಟೈರು ಬಂದವು. ಶ್ರೀಪೆರಂಬುದೂರಿನ ಬಳಿಯ ಟ್ರ್ಯಾಕಿನಲ್ಲಿ ಆರ್15ಗಳಿಗೆಂದೇ ರೇಸು ನಡೆದದ್ದುಂಟು. ಟ್ರ್ಯಾಕಿನಲ್ಲಿ ಕಲಿಯಬೇಕಾದ್ದನ್ನು ನಮ್ಮ ಹುಡುಗರು ರಿಂಗ್ ರೋಡಿನಲ್ಲಿ ಕಲಿಯುತ್ತಾರೆ. ಅಲ್ಲಿ ಟ್ರ್ಯಾಕಿನ ಅಂಚಿನ ಮರಳಿಲ್ಲ, ಡಿವೈಡರಿನ ಕಲ್ಲಿದೆ.

ಬಿದ್ದ ಬೈಕು ತಾನು ಹೇಗೆ ಬಿದ್ದೆ ಎಂಬುದನ್ನು ಹೇಳುತ್ತದೆ. ಅದನ್ನು ಕೇಳಿಸಿಕೊಳ್ಳದೆ ಸ್ಪ್ಯಾನರ್ ಕೈಗೆತ್ತಿಕೊಳ್ಳಬಾರದು. ಗಾಡಿಯನ್ನು ಮನೆಗೆ ತಂದ ಮೇಲೆ ನಾನು ಅದನ್ನು ತೊಳೆಯಲಿಲ್ಲ. ತೊಳೆದರೆ ಸಾಕ್ಷಿ ಹೋಗುತ್ತದೆ. ಎಡಗಡೆಯ ಫುಟ್‌ರೆಸ್ಟಿನ ತುದಿ ಉಜ್ಜಿ ಚಪ್ಪಟೆಯಾಗಿತ್ತು, ಗೇರ್ ಪೆಡಲ್ಲು ಎಂಜಿನ್ನಿನ ಕಡೆಗೆ ಮಡಚಿತ್ತು, ಮ್ಯಾಗ್ನೆಟ್ ಕವರಿನ ಮೇಲೆ ಮುಂದಿನಿಂದ ಹಿಂದಕ್ಕೆ ಒಂದೇ ದಿಕ್ಕಿನ ಗೀರುಗಳಿದ್ದವು. ಗೀರುಗಳೆಲ್ಲ ಹೀಗೆ ಸಮಾನಾಂತರವಾಗಿದ್ದರೆ ಗಾಡಿ ಪಲ್ಟಿ ಹೊಡೆದಿಲ್ಲ, ಎಡಕ್ಕೆ ಮಲಗಿಕೊಂಡು ಜಾರಿದೆ ಎಂದರ್ಥ. ಬಲಗಡೆಯ ಸೈಲೆನ್ಸರಿಗೆ ಒಂದು ಗೆರೆಯೂ ಬಿದ್ದಿರಲಿಲ್ಲ. ಇಷ್ಟೇ ಆಗಿದ್ದರೆ ಇದು ಪ್ಲಾಸ್ಟಿಕ್ಕಿನ ಕೆಲಸ. ಆದರೆ ಮುಂದಿನ ಅಲಾಯ್ ಚಕ್ರದ ಅಂಚು ಒಂದೇ ಒಂದು ಜಾಗದಲ್ಲಿ ಒಳಕ್ಕೆ ಅದುಮಿತ್ತು, ರೇಡಿಯೇಟರಿನ ಕೆಳಭಾಗಕ್ಕೆ ಮುಂದಿನ ಟೈರಿನ ಕಪ್ಪು ಮೆತ್ತಿತ್ತು. ಜಾರಿದ ಗಾಡಿ ಕೊನೆಗೆ ಏನಕ್ಕೋ ಬಡಿದು ನಿಂತಿದೆ. ಬಡಿತಕ್ಕೆ ಚಕ್ರ ಹಿಂದಕ್ಕೆ ಬಂದು ರೇಡಿಯೇಟರನ್ನು ಮುಟ್ಟಿ ಮರಳಿದೆ. ನಾಯಿ ಅಡ್ಡ ಬಂತು, ಬ್ರೇಕ್ ಹಿಡಿದೆ, ಜಾರಿತು ಎಂದು ಹುಡುಗ ಮನೆಯಲ್ಲಿ ಹೇಳಿದ್ದನಂತೆ. ಅದು ಸುಳ್ಳೇನಲ್ಲ. ಡಿವೈಡರಿನ ಕಲ್ಲಿಗೆ ಬಡಿದ ಉಳಿದ ಕಥೆಯನ್ನು ಬೈಕು ಪೂರ್ತಿ ಮಾಡಿತು.

ನಮ್ಮಲ್ಲಿ ಬಿದ್ದ ಗಾಡಿಗಳ ವ್ಯಾಪಾರ ನಡೆಯುವುದು ಇಂಥ ಅರ್ಧ ಕಥೆಗಳ ಮೇಲೆ. ರಿಪೇರಿಯ ಖರ್ಚು ವಿಮೆಯಲ್ಲಿ ನಮೂದಾದ ವಾಹನದ ಮೌಲ್ಯದ (ಐಡಿವಿ) ಶೇ 75ನ್ನು ದಾಟಿದರೆ ವಿಮಾ ಕಂಪನಿಗಳು ಗಾಡಿಯನ್ನು ಟೋಟಲ್ ಲಾಸ್ ಎಂದು ತೀರ್ಮಾನಿಸುತ್ತವೆ. ಶಾಶ್ವತವಾಗಿ ಕೆಲಸಕ್ಕೆ ಬಾರದಂತಾದ ವಾಹನದ ಬಗ್ಗೆ ಮಾಲೀಕ 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಹೇಳುತ್ತದೆ. ಆದರೆ ರಿಪೇರಿಯಾಗಿ ಮತ್ತೆ ರಸ್ತೆಗಿಳಿಯುವ ಗಾಡಿಯ ಆರ್‌ಸಿಯಲ್ಲಿ ಅದು ಬಿದ್ದ ಸಂಗತಿಗೆ ಒಂದು ಅಂಕಣವಿಲ್ಲ. ಮಾಲೀಕರು ಎಷ್ಟು ಜನ ಎಂಬುದಿದೆ, ಯಾವ ಬ್ಯಾಂಕಿನ ಸಾಲವಿತ್ತು ಎಂಬುದಿದೆ. ಬಾಗಿದ ಪೈಪನ್ನು ನೇರ ಮಾಡಿದ್ದಾರೋ ಬದಲಾಯಿಸಿದ್ದಾರೋ ಎಂಬುದು, ಕೊಳ್ಳುವವನ ಜೀವ ನಿಂತಿರುವ ಸಂಗತಿ, ಎಲ್ಲಿಯೂ ಇಲ್ಲ. ಇದು ನನಗೆ ಬಹಳ ಕಾಲದಿಂದ ಕೊರೆಯುತ್ತಿರುವ ವಿಷಯ. ಹೊಸ ಫೇರಿಂಗು ಹಾಕಿ, ಬಣ್ಣ ಹೊಡೆದು, 'ಸಿಂಗಲ್ ಓನರ್, ನೋ ಆಕ್ಸಿಡೆಂಟ್' ಎಂದು ಮಾರಿದ ಬೈಕುಗಳ ಮೇಲೆ ಇಪ್ಪತ್ತರ ಹುಡುಗರು ನೂರರ ವೇಗದಲ್ಲಿ ಹೋಗುತ್ತಾರೆ. ಮಾರಿದವನಿಗೆ ಗೊತ್ತಿರುತ್ತದೆ, ಕೊಂಡವನಿಗೆ ಗೊತ್ತಿರುವುದಿಲ್ಲ.

ಮನೆಯ ಹಿಂದಿನ ಶೀಟಿನ ಮಾಡಿನ ಕೆಳಗೆ ಕೆಲಸ ಶುರುವಾಯಿತು. ದಿನಸಿ ಅಂಗಡಿಯಿಂದ ತಂದ ಮೊಟ್ಟೆ ಟ್ರೇಗಳಲ್ಲಿ ಬೋಲ್ಟುಗಳನ್ನು ಬಿಚ್ಚಿದ ಕ್ರಮದಲ್ಲೇ ಇಟ್ಟು, ಪ್ರತಿ ಗುಳಿಯ ಪಕ್ಕದಲ್ಲಿ ಅದು ಎಲ್ಲಿಯದೆಂದು ಪೆನ್ನಿನಲ್ಲಿ ಬರೆದೆ. ಫೇರಿಂಗ್ ಬೈಕಿನಲ್ಲಿ ಒಂದೇ ದಪ್ಪದ, ಬೇರೆ ಬೇರೆ ಉದ್ದದ ಬೋಲ್ಟುಗಳಿರುತ್ತವೆ. ಉದ್ದದ್ದನ್ನು ಗಿಡ್ಡದ ಜಾಗಕ್ಕೆ ತಿರುಗಿಸಿದರೆ ಹಿಂದಿರುವುದನ್ನು ತೂತು ಮಾಡಿಬಿಡುತ್ತದೆ. ಅಮ್ಮ ಹಳೆಯ ಪಂಚೆಗಳನ್ನು ಹರಿದು ಒಂದು ರಾಶಿ ಬಟ್ಟೆ ಕೊಟ್ಟರು. ಅಕ್ಕನ ಮಗ ಎಂಜಿನಿಯರಿಂಗ್ ಓದುತ್ತಿದ್ದವನು ರಜೆಗೆ ಬಂದು ಜೊತೆಗೆ ನಿಂತ. ಬೈಕು ಕೊನೆಗೆ ಅವನ ಪಾಲಿಗೇ ಹೋಗುವುದೆಂದು ಅವನಿಗೂ ಗೊತ್ತಿತ್ತು.

ಮೊದಲು ಚಾಸಿಯ ಪರೀಕ್ಷೆ. ಇದಕ್ಕೆ ಯಂತ್ರ ಬೇಡ, ಗಾರೆ ಕೆಲಸದವರ ನೈಲಾನ್ ದಾರ ಸಾಕು. ಬೈಕನ್ನು ನೇರವಾಗಿ ನಿಲ್ಲಿಸಿ, ಹಿಂದಿನ ಟೈರಿನ ಎರಡೂ ಪಕ್ಕಕ್ಕೆ ತಾಗುವಂತೆ ದಾರವನ್ನು ಮುಂದಕ್ಕೆ ಎಳೆದು ಬಿಗಿದು ಕಟ್ಟಬೇಕು. ಈ ಗಾಡಿಯ ಹಿಂದಿನ ಟೈರು 130 ಮಿ.ಮೀ. ಅಗಲ, ಮುಂದಿನದು 90. ಅಂದರೆ ಮುಂದಿನ ಟೈರಿನ ಆಚೆಯೂ ಈಚೆಯೂ ದಾರಕ್ಕೂ ರಬ್ಬರಿಗೂ ನಡುವೆ ಸುಮಾರು 20 ಮಿ.ಮೀ. ಸಂದು ಬರಬೇಕು, ಎರಡೂ ಕಡೆ ಒಂದೇ ಸಮ. ನಮ್ಮದರಲ್ಲಿ ಬರಲಿಲ್ಲ. ಮುಂದಿನ ಚಕ್ರ ಎಡಕ್ಕೆ ಸರಿದು ನಿಂತಿತ್ತು. ಹುಡುಗ ಗಾಬರಿಯಾಗಿ "ಚಾಸಿ ಹೋಯ್ತಾ ಮಾಮ?" ಎಂದ. ಅಷ್ಟು ಬೇಗ ತೀರ್ಮಾನಕ್ಕೆ ಬರಬಾರದು. ಚಕ್ರಕ್ಕೂ ಚಾಸಿಗೂ ನಡುವೆ ಆಕ್ಸಲ್ಲಿದೆ, ಫೋರ್ಕ್ ಪೈಪುಗಳಿವೆ, ಅವುಗಳನ್ನು ಹಿಡಿದ ಮೇಲಿನ ಮತ್ತು ಕೆಳಗಿನ ಟಿ ಇವೆ, ಕತ್ತಿನೊಳಗೆ ಬೇರಿಂಗುಗಳಿವೆ. ಒಂದೊಂದನ್ನೂ ಬಿಚ್ಚಿ, ತಪ್ಪಿಲ್ಲವೆಂದು ಬಿಡಿಸಿಕೊಳ್ಳುತ್ತ ಹಿಂದಕ್ಕೆ ನಡೆಯಬೇಕು. ಎಷ್ಟೋ ಸಲ ಟಿಯ ಬೋಲ್ಟುಗಳ ಹಿಡಿತದೊಳಗೆ ಪೈಪುಗಳು ತಿರುಚಿಕೊಂಡಿರುತ್ತವೆ ಅಷ್ಟೆ; ಬೋಲ್ಟು ಸಡಿಲಿಸಿ ಮತ್ತೆ ಬಿಗಿದರೆ ಚಕ್ರ ತನ್ನ ಜಾಗಕ್ಕೆ ಬರುತ್ತದೆ. ಸಡಿಲಿಸಿ ನೋಡಿದೆವು. ಸ್ವಲ್ಪ ಬಂತು, ಪೂರ್ತಿ ಬರಲಿಲ್ಲ.

ಪೈಪುಗಳನ್ನು ಹೊರತೆಗೆದು, ಹಳೆಯ ಟೀಪಾಯಿಯ ದಪ್ಪ ಗಾಜಿನ ಮೇಲೆ ಉರುಳಿಸಿದ ದಿನ ಆ ಹುಡುಗ ಬಂದಿದ್ದ, ಬೈಕಿನ ಹಳೆಯ ಒಡೆಯ. ಎರಡನೇ ಕೀ ಮತ್ತು ಸರ್ವಿಸ್ ಪುಸ್ತಕ ಕೊಡಲು ಬಂದವನು ಎಡಗೈಯನ್ನು ಇನ್ನೂ ಪೂರ್ತಿ ಎತ್ತಲಾಗದೆ ಬಾಗಿಲ ಬಳಿ ನಿಂತಿದ್ದ. ಒಳಗೆ ಕರೆದೆ. ಬಲಗಡೆಯ ಪೈಪು ಗಾಜಿನ ಮೇಲೆ ಸದ್ದಿಲ್ಲದೆ ಉರುಳಿತು. ಎಡಗಡೆಯದು ಒಂದೊಂದು ಸುತ್ತಿಗೂ ಟಕ್ ಎಂದು ಎದ್ದು ಬಿದ್ದಿತು. ಬಗ್ಗಿ ಬೆಳಕಿಗೆ ನೋಡಿದರೆ ಕೆಳಗಿನ ಟಿ ಹಿಡಿಯುವ ಜಾಗದಿಂದ ತುಸು ಕೆಳಗೆ, ಪೈಪಿನಡಿ ಬೆಳಕಿನ ಒಂದು ಎಳೆ ಕಾಣುತ್ತಿತ್ತು. ಅವನು ಎರಡು ಮೂರು ಸಲ ತಾನೇ ಉರುಳಿಸಿದ.

"ಇಷ್ಟೇನಾ ಸರ್?"

"ಇಷ್ಟೇ."

"ಬಿದ್ದ ಮಾರನೇ ದಿನ ಶೆಡ್‌ನಲ್ಲಿ ನೋಡ್ಸಿದ್ವಿ. ಫ್ರಂಟ್ ಎಲ್ಲ ಓಕೆ, ಡೂಮು ಫೇರಿಂಗು ಹಾಕ್ಬಿಟ್ರೆ ಹೊಸ ಗಾಡಿ ಅಂದ್ರು."

ಅವನು ಆ ಮಾತನ್ನು ಯಾರ ಮೇಲೂ ಸಿಟ್ಟಿನಿಂದ ಹೇಳಲಿಲ್ಲ. ಮಾಡಿನ ಕಂಬಕ್ಕೆ ಒರಗಿ ಬಹಳ ಹೊತ್ತು ನಿಂತಿದ್ದ. ಅವನಿಗೆ ಆ ಎಳೆಯಷ್ಟು ಬಾಗು ಏನು ಮಾಡುತ್ತದೆಂದು ವಿವರಿಸಿದೆ. ಇಲ್ಲಿಯೂ ವಿವರಿಸಬೇಕು, ಯಾಕೆಂದರೆ ಬಿದ್ದ ಬೈಕಿನ ವಿಚಾರವೆಲ್ಲ ಕೊನೆಗೆ ಬಂದು ನಿಲ್ಲುವುದು ಇದರ ಮೇಲೆ. ಹ್ಯಾಂಡಲ್ ತಿರುಗುವ ಅಕ್ಷ ನೆಟ್ಟಗಿಲ್ಲ, ಸವಾರನ ಕಡೆಗೆ ಓರೆಯಾಗಿದೆ. ಆ ಓರೆ ಗೆರೆಯನ್ನು ನೆಲದವರೆಗೆ ಎಳೆದರೆ, ಟೈರು ನೆಲ ಮುಟ್ಟುವ ಜಾಗಕ್ಕಿಂತ ಒಂದಿಷ್ಟು ಮುಂದೆ ನೆಲಕ್ಕೆ ತಾಗುತ್ತದೆ. ಈ ಅಂತರಕ್ಕೆ ಟ್ರೇಲ್ ಎನ್ನುತ್ತಾರೆ. ಆಸ್ಪತ್ರೆಯ ಟ್ರಾಲಿಯನ್ನು ತಳ್ಳಿದಾಗ ಅದರ ಚಕ್ರ ತಾನಾಗಿ ಹಿಂದಕ್ಕೆ ತಿರುಗಿ ದಾರಿ ಹಿಡಿಯುತ್ತದಲ್ಲ, ಬೈಕಿನ ಮುಂದಿನ ಚಕ್ರವನ್ನು ನೇರ ಹಿಡಿಯುವುದೂ ಅದೇ ನಿಯಮ. ಎದುರಿನ ಏಟಿಗೆ ಪೈಪು ಹಿಂದಕ್ಕೆ ಬಾಗಿದರೆ ಈ ಟ್ರೇಲಿನ ಲೆಕ್ಕ ತಪ್ಪುತ್ತದೆ. ಪಟ್ಟಣದ ವೇಗದಲ್ಲಿ ಏನೂ ತಿಳಿಯದಿರಬಹುದು. ವೇಗ ಏರಿದಾಗ, ಸಣ್ಣ ಗುಂಡಿ ಸಿಕ್ಕಿದಾಗ, ಗಾಡಿ ಹಿಡಿದ ದಾರಿ ಬಿಡಬಹುದು. ಒಂದೇ ಪೈಪು ಬಾಗಿದ್ದರೆ ಶಾಕ್‌ಗಳು ಸಮನಾಗಿ ಇಳಿಯುವುದಿಲ್ಲ, ಬ್ರೇಕ್ ಹಿಡಿದಾಗ ಬಿಗಿಯಾಗಿ ಅಂಟಿಕೊಳ್ಳುತ್ತವೆ.

ಪೈಪನ್ನು ಪ್ರೆಸ್ಸಿನಲ್ಲಿಟ್ಟು ನೇರ ಮಾಡುವವರು ಊರಿನಲ್ಲಿದ್ದಾರೆ, ಅನೇಕರು ಕೆಲಸದಲ್ಲಿ ಗಟ್ಟಿಗರು. ಸಣ್ಣ ಬಾಗಾದರೆ ನೇರವೂ ಆಗುತ್ತದೆ. ಆದರೆ ನಮ್ಮ ಪೈಪಿನ ಬಾಗಿನ ಬೆನ್ನಿನ ಮೇಲೆ ಕ್ರೋಮು ಉಗುರಿಗೆ ಸಿಗುವಷ್ಟು ಬಿರಿದಿತ್ತು. ನೇರ ಮಾಡಿದರೂ ಆ ಬಿರುಕು ಮೇಲೆ ಕೆಳಗೆ ಆಡುತ್ತ ಆಯಿಲ್ ಸೀಲನ್ನು ಕೊಯ್ಯುತ್ತದೆ. ಸೋರಿದ ಎಣ್ಣೆ ಬಂದು ಕೂರುವುದು ಮುಂದಿನ ಬ್ರೇಕ್ ಡಿಸ್ಕಿನ ಮೇಲೆ. ಎರಡೂ ಪೈಪು ಹೊಸದು ತರಿಸಿದೆ. ಪೂರ್ತಿ ಫೇರಿಂಗ್ ಸೆಟ್ಟಿಗೆ ಕೇಳುವ ಹಣಕ್ಕೆ ಹೋಲಿಸಿದರೆ ಪೈಪುಗಳದ್ದು ಸಣ್ಣ ಮೊತ್ತ. ಕಾಣುವುದಕ್ಕೆ ದುಡ್ಡು ಸುರಿದು ಕಾಣದ್ದನ್ನು ಪ್ರೆಸ್ಸಿಗೆ ಕೊಡುವ ಲೆಕ್ಕಾಚಾರ ನನಗೆ ಎಂದೂ ಅರ್ಥವಾಗಿಲ್ಲ.

ಕತ್ತಿನ ಬೇರಿಂಗು ಹೋಗಿತ್ತು. ಮುಂದಿನ ಚಕ್ರ ಎತ್ತಿ ಹ್ಯಾಂಡಲ್ಲನ್ನು ಮೆಲ್ಲಗೆ ತಿರುಗಿಸಿದರೆ ಸರಿಯಾಗಿ ನಡುವಿಗೆ ಬಂದಾಗ ಸಣ್ಣ ಗುಳಿಯಲ್ಲಿ ಕೂತ ಹಾಗೆ ತಡೆಯುತ್ತಿತ್ತು. ಏಟು ಬಿದ್ದ ಗಳಿಗೆಯಲ್ಲಿ ಗುಂಡುಗಳು ಪಾತ್ರೆಯ ಉಕ್ಕಿಗೆ ಒತ್ತಿ ಗುರುತು ಮಾಡಿರುತ್ತವೆ. ಕೋನ್ ಸೆಟ್ ಬದಲಾಯಿಸಿದೆವು. ಇನ್ನು ಉಳಿದದ್ದು ಟಿ ಮತ್ತು ಚಕ್ರ. ಎರಡೂ ಕಣ್ಣಿಗೆ ಸರಿಯಿದ್ದವು. ಎರಕದ ಲೋಹದ ವಿಷಯದಲ್ಲಿ ಕಣ್ಣನ್ನು ನಂಬಬಾರದು ಎಂದವರು ನಮ್ಮ ಬೀದಿಯ ಹಿರಿಯರು, ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿ ಚಾರ್ಜ್‌ಮನ್ ಆಗಿ ನಿವೃತ್ತರಾದವರು. ಸಂಜೆ ವಾಕಿಂಗಿಗೆ ಹೊರಟವರು ನಮ್ಮ ಮಾಡಿನೊಳಗೆ ಬಂದು, ಕೋಲನ್ನು ಗೋಡೆಗೆ ಆನಿಸಿ, "ಮೇಷ್ಟ್ರೇ, ಸ್ವಲ್ಪ ಸೀಮೆಎಣ್ಣೆ ಸೀಮೆಸುಣ್ಣ ಇದ್ರೆ ಕೊಡಿ" ಎಂದರು.

ಅದು ರೈಲ್ವೆಯ ಹಳೆಯ ವಿದ್ಯೆ. ಸಂಶಯವಿರುವ ಭಾಗವನ್ನು ಚೆನ್ನಾಗಿ ತೊಳೆದು ಒಣಗಿಸಿ, ಸೀಮೆಎಣ್ಣೆಯಲ್ಲಿ ನೆನೆಹಾಕಬೇಕು. ಕಣ್ಣಿಗೆ ಕಾಣದ ಬಿರುಕಿದ್ದರೆ ಎಣ್ಣೆ ಅದರೊಳಗೆ ಇಳಿಯುತ್ತದೆ. ಆಮೇಲೆ ತೆಗೆದು ಹೊರಮೈಯನ್ನು ಒಂದು ಹನಿಯೂ ಉಳಿಯದಂತೆ ಒರೆಸಿ, ಸ್ಪಿರಿಟ್ಟಿನಲ್ಲಿ ಕಲಸಿದ ಸೀಮೆಸುಣ್ಣದ ಪುಡಿಯನ್ನು ತೆಳ್ಳಗೆ ಬಳಿಯಬೇಕು. ಸ್ಪಿರಿಟ್ ಆರಿ ಬೆಳ್ಳಗಾದ ಮೇಲೆ ಕಾಯುತ್ತ ಕೂರಬೇಕು. ಒಳಗೆ ಅಡಗಿದ ಎಣ್ಣೆ ಸುಣ್ಣಕ್ಕೆ ಹೀರಿಕೊಂಡು ಬಂದು, ಬಿರುಕು ಇರುವಲ್ಲಿ ಕಪ್ಪು ಗೆರೆ ಎಳೆಯುತ್ತದೆ. ಇಂದು ಕೆಂಪು ಬಣ್ಣದ ಡೈ ಪೆನೆಟ್ರಂಟ್ ಸ್ಪ್ರೇ ಸಿಗುತ್ತದೆ, ಅದರ ಮೂಲವೂ ಇದೇ. ರೈಲಿನ ಆಕ್ಸಲ್ಲುಗಳನ್ನು ಪರೀಕ್ಷಿಸಿದ ಆ ಕೈಗಳು ನಮ್ಮ ಪುಟ್ಟ ಟಿಯನ್ನು ಅಷ್ಟೇ ಗಂಭೀರವಾಗಿ ತಿರುಗಿಸಿ ತಿರುಗಿಸಿ ನೋಡಿದವು. ಟಿ ಗೆದ್ದಿತು. ಚಕ್ರ ಸೋತಿತು. ಅದುಮಿದ ಅಂಚಿನಿಂದ ಒಂದು ಕಡ್ಡಿಯ ಕಡೆಗೆ ಬೆರಳಗಲದ ಕಪ್ಪು ಗೆರೆ ನಿಧಾನವಾಗಿ ಮೂಡಿತು. ಅಕ್ಕನ ಮಗನ ಮುಖ ಸಪ್ಪಗಾಯಿತು. "ಆರ್ಗಾನ್ ವೆಲ್ಡಿಂಗ್ ಮಾಡ್ಸಿ ಬೆಂಡ್ ತೆಗೀತಾರೆ ಮಾಮ, ಎಲ್ಲರೂ ಹಾಗೇ ಮಾಡ್ಸೋದು" ಎಂದ. ಚಾರ್ಜ್‌ಮನ್ನರು ಅವನನ್ನೇ ನೋಡುತ್ತ, "ಹಿಂದಿನ ಸೀಟ್ನಲ್ಲಿ ನಿಮ್ಮಮ್ಮನ್ನ ಕೂರಿಸ್ಕೊಂಡು ಹೋಗ್ತೀಯಾ ಅದ್ರಲ್ಲಿ?" ಎಂದು ಕೇಳಿದರು. ಹುಡುಗ ಉತ್ತರಿಸಲಿಲ್ಲ. ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಅಲೆದು, ಹಿಂದಿನಿಂದ ಗುದ್ದಿಸಿಕೊಂಡ ಇನ್ನೊಂದು ಆರ್15ರ ಮುಂದಿನ ಚಕ್ರ ತಂದೆವು. ಅದಕ್ಕೂ ಸೀಮೆಎಣ್ಣೆಯ ಸ್ನಾನವಾಯಿತು.

ಮಡಚಿದ ಗೇರ್ ಪೆಡಲ್ಲನ್ನು ನೇರ ಮಾಡಿಕೊಟ್ಟವರು ಜಾವಾ ಕಾರ್ಖಾನೆಯ ಹಳಬರು. ಮೈಸೂರಿನ ಐಡಿಯಲ್ ಜಾವಾ 1996ರಲ್ಲಿ ಬಾಗಿಲು ಹಾಕಿದ ಮೇಲೆ ಅಲ್ಲಿ ಕೈ ಪಳಗಿದವರು ಊರೊಳಗೆ ಸಣ್ಣ ಸಣ್ಣ ಅಂಗಡಿ ಇಟ್ಟುಕೊಂಡರು. ಈ ಊರಲ್ಲಿ ಬೈಕು ರಿಪೇರಿ ಮಾಡುವವರ ಪುಣ್ಯ ಅದು. ಪೆಡಲ್ಲು ಉಕ್ಕಿನದು, ಕಾಯಿಸಿ ಎರಡು ಪೆಟ್ಟಿಗೆ ದಾರಿಗೆ ತಂದರು. ಜೊತೆಗೆ ಒಯ್ದಿದ್ದ ಫುಟ್‌ರೆಸ್ಟಿನ ಅಲ್ಯೂಮಿನಿಯಂ ಬ್ರಾಕೆಟ್ಟನ್ನು ಮುಟ್ಟಲೂ ಒಪ್ಪಲಿಲ್ಲ. "ಇದು ಎರಕ. ಬಾಗಿದ್ದು ಬಾಗೇ ಇರ್ಲಿ, ವಾಪಸ್ ಬಗ್ಸಿದ್ರೆ ನಿಮ್ ಕಾಲ್ ಕೆಳಗೇ ಮುರೀತದೆ. ಬೇರೆ ಹಾಕ್ಕೊಳ್ಳಿ." ಆಗುವುದಿಲ್ಲ ಎಂದು ಹೇಳಬಲ್ಲ ಕೆಲಸಗಾರ ಸಿಗುವುದು ದೊಡ್ಡ ಭಾಗ್ಯ.

ಎಂಜಿನ್ನಿನ ಬಗ್ಗೆ ನನಗೆ ಒಂದೇ ಭಯವಿತ್ತು. ಪಕ್ಕಕ್ಕೆ ಮಲಗಿದ ಗಾಡಿಯ ಎಂಜಿನ್ನು ಓಡುತ್ತಲೇ ಇದ್ದರೆ ತಳದ ಎಣ್ಣೆ ಒಂದು ಬದಿಗೆ ಸರಿದು, ಪಂಪು ಎಣ್ಣೆಯ ಬದಲು ಗಾಳಿ ಎಳೆಯುತ್ತದೆ. ಈ ಗಾಡಿಯ ಸಿಲಿಂಡರು ಉಕ್ಕಿನ ಲೈನರ್ ಇಲ್ಲದ, ಅಲ್ಯೂಮಿನಿಯಂ-ಸಿಲಿಕಾನ್ ಎರಕದ್ದು. ಗೀರು ಬಿದ್ದರೆ ಹಳೆಯ ಬೈಕುಗಳಂತೆ ಬೋರ್ ಮಾಡಿಸಿ ದೊಡ್ಡ ಪಿಸ್ಟನ್ ಹಾಕುವಂತಿಲ್ಲ, ಬ್ಲಾಕನ್ನೇ ಬದಲಾಯಿಸಬೇಕು. ಎಣ್ಣೆ ಇಳಿಸಿ ಪಂಚೆಯ ಬಟ್ಟೆಯಲ್ಲಿ ಸೋಸಿ ಬಿಸಿಲಿಗೆ ಹಿಡಿದಾಗ ಲೋಹದ ಹೊಳಪು ಕಾಣಲಿಲ್ಲ. ಕಂಪ್ರೆಷನ್ನೂ ಚೆನ್ನಾಗಿತ್ತು. ರೇಡಿಯೇಟರ್ ಸೋರುತ್ತಿತ್ತು. ಹಳೆಯ ಹಿತ್ತಾಳೆ-ತಾಮ್ರದ ರೇಡಿಯೇಟರಾಗಿದ್ದರೆ ಸೀಸದ ಬೆಸುಗೆ ಹಾಕಬಹುದಿತ್ತು, ಅಲ್ಯೂಮಿನಿಯಮ್ಮಿಗೆ ಅದು ಹಿಡಿಯುವುದಿಲ್ಲ. ಬೇರೆ ಹಾಕಿದೆವು. ಟ್ಯಾಂಕಿನ ಎಡಬದಿಯಲ್ಲಿ ಹ್ಯಾಂಡಲ್ ತಾಗಿ ಬಿದ್ದ ನೆಗ್ಗನ್ನು ಹೊರಗಿನಿಂದ ಅಂಟಿನ ಕೊಂಡಿ ಹಾಕಿ ಎಳೆಸಿದೆ. ಗ್ಯಾಸ್ ಬೆಂಕಿ ತೋರಿಸಿ ತೆಗೆಯುತ್ತೇವೆ ಎಂದವರೂ ಇದ್ದರು. ಪೆಟ್ರೋಲು ಖಾಲಿಯಾದ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯ. ಒಳಗೆ ಉಳಿದ ಆವಿಗೆ ಒಂದು ಕಿಡಿ ಸಾಕು. ಮನೆಯಲ್ಲಿ ಈ ಕೆಲಸ ಮಾಡಹೊರಟವರು ಉಳಿದದ್ದೆಲ್ಲ ಮರೆತರೂ ಇದೊಂದನ್ನು ಮರೆಯಬಾರದು.

ಪ್ಲಾಸ್ಟಿಕ್ಕಿನ ಸರದಿ ಬಂದಾಗ ಮಳೆಗಾಲ ಕಾಲಿಟ್ಟಿತ್ತು. ಗೋಣಿಚೀಲದ ಚೂರುಗಳನ್ನು ಜಗಲಿಯ ಮೇಲೆ ಸುರಿದು, ಅಂಚಿಗೆ ಅಂಚು ಹೊಂದಿಸುತ್ತ ಕೂತಾಗ ಮನೆಯವರೆಲ್ಲ ಸೇರಿಕೊಂಡರು. ಕಬ್ಬಿಣದ ಕೆಲಸಕ್ಕೆ ದೂರ ನಿಂತ ನನ್ನ ಹೆಂಡತಿ ಇದರಲ್ಲಿ ಎಲ್ಲರಿಗಿಂತ ಚುರುಕು. ಬಣ್ಣದ ಗೆರೆ ನೋಡಿಯೇ ಯಾವ ಚೂರು ಎಲ್ಲಿಯದೆಂದು ಹೇಳಿಬಿಡುತ್ತಿದ್ದಳು. ಫೇರಿಂಗಿನ ಒಳಮೈಯಲ್ಲಿ ಅದು ಯಾವ ಪ್ಲಾಸ್ಟಿಕ್ ಎಂದು ಸಣ್ಣ ಅಚ್ಚಿರುತ್ತದೆ. ಎಬಿಎಸ್ ಎಂದಿದ್ದರೆ ಮನೆಯಲ್ಲೇ ಜೋಡಿಸಬಹುದು. ಬೇಡದ ಎಬಿಎಸ್ ತುಂಡುಗಳನ್ನು ಅಸಿಟೋನಿನಲ್ಲಿ ಹಾಕಿಟ್ಟರೆ ಕರಗಿ ಗಂಜಿಯಾಗುತ್ತದೆ, ಅದನ್ನು ಬಿರುಕಿಗೆ ತುಂಬಿದರೆ ಅಂಟಾಗಿ ಕೂರುವುದಿಲ್ಲ, ಆ ಪ್ಲಾಸ್ಟಿಕ್ಕಿನಲ್ಲೇ ಬೆರೆತು ಒಂದಾಗುತ್ತದೆ. ಪಿಪಿ ಎಂದಿದ್ದರೆ ಅಸಿಟೋನ್ ಅದನ್ನು ಕರಗಿಸುವುದೇ ಇಲ್ಲ. ಜೋಡಿಸುವ ಮೊದಲು ಬಿರುಕಿನ ಕೊನೆಯಲ್ಲಿ ಸಣ್ಣ ತೂತು ಕೊರೆಯಬೇಕು, ಇಲ್ಲದಿದ್ದರೆ ಎಂಜಿನ್ನಿನ ನಡುಕಕ್ಕೆ ಅದು ಮುಂದಕ್ಕೆ ಓಡುತ್ತದೆ. ಹಿಂಬದಿಯಲ್ಲಿ ಸ್ಟೀಲಿನ ಸಣ್ಣ ಜಾಲರಿಯಿಟ್ಟು ಸೋಲ್ಡರಿಂಗ್ ಐರನ್ನಿನಿಂದ ಒತ್ತಿ ಹುದುಗಿಸಬೇಕು. ಕಿಟಕಿಗಳೆಲ್ಲ ತೆರೆದಿರಬೇಕು, ಆ ಹೊಗೆ ಕೆಟ್ಟದ್ದು. ಬೋಲ್ಟು ಕೂರುವ ಕಿವಿಗಳು ಮುರಿದು ಕಳೆದುಹೋಗಿದ್ದವು, ಅವನ್ನು ಹಳೆಯ ಮಡ್‌ಗಾರ್ಡಿನ ತುಂಡಿನಿಂದ ಕೆತ್ತಿ ಮಾಡಿದೆವು. ಈ ಕೆಲಸದಲ್ಲಿ ನನಗೆ ಸಿಕ್ಕ ಸಂತೋಷ ಅಂಗಡಿಯ ಹೊಸ ಫೇರಿಂಗಿನಿಂದ ಸಿಗುತ್ತಿರಲಿಲ್ಲ. ಪ್ಲಾಸ್ಟಿಕ್ಕಿನಲ್ಲಿ ತೇಪೆ ಹಾಕಬಹುದು, ಹಾಕಬೇಕು. ಒಂದು ವೇಳೆ ಬಿರಿದರೂ ಅದರಿಂದ ಯಾರ ಪ್ರಾಣವೂ ಹೋಗುವುದಿಲ್ಲ.

ಬಣ್ಣಕ್ಕೆ ಅವಸರ ಮಾಡಲಿಲ್ಲ. ಗಾಳಿಯಲ್ಲಿ ತೇವವಿರುವಾಗ ಹೊಡೆದ ಬಣ್ಣ ಹಾಲಿನ ಪೊರೆ ಕಟ್ಟಿಕೊಂಡು ಮಂಕಾಗುತ್ತದೆ. ಮಳೆ ಬಿಡುವು ಕೊಟ್ಟ ಒಣ ದಿನಗಳಲ್ಲಿ ಪ್ರೈಮರು, ಪುಟ್ಟಿ, ನೀರುಕಾಗದದ ಉಜ್ಜಾಟ, ಬೇಸ್, ಕ್ಲಿಯರ್ ಎಂದು ಒಂದೊಂದಾಗಿ ಮುಗಿಸಿದೆವು. ಆ ನಡುವೆ ಬ್ರೇಕಿನ ಕೆಲಸ. ಬ್ರೇಕ್ ಆಯಿಲ್ ಹನಿ ಬಿದ್ದಲ್ಲಿ ಹೊಸ ಬಣ್ಣ ಗುಳ್ಳೆಯೆದ್ದು ಸುಲಿಯುತ್ತದೆ. ಹಾಗಾಗಿ ಬ್ರೇಕ್ ಮುಗಿಯುವವರೆಗೆ ಬಣ್ಣದ ಭಾಗಗಳು ಅಟ್ಟದ ಮೇಲೆಯೇ ಇದ್ದವು. ಈ ಆಯಿಲ್ ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ಡಾಟ್ 4 ಹೊಸದಿದ್ದಾಗ ಅದರ ಕುದಿಯುವ ಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್, ನಿಗದಿತ ಮಟ್ಟದ ತೇವ ಸೇರಿದ ಮೇಲೆ ಇರಬೇಕಾದ ಕನಿಷ್ಠ ಮಿತಿ 155. ಚಾಮುಂಡಿ ಬೆಟ್ಟ ಇಳಿಯುತ್ತ ಬ್ರೇಕ್ ಹಿಡಿದೇ ಬರುವವರಿಗೆ ಈ ವ್ಯತ್ಯಾಸ ದೊಡ್ಡದು. ಹಳೆಯದನ್ನೆಲ್ಲ ಹೊರಹಾಕಿ, ಪೈಪಿನ ಬೋಲ್ಟುಗಳಿಗೆ ಹೊಸ ತಾಮ್ರದ ವಾಷರ್ ಕೊಟ್ಟು, ಗುಳ್ಳೆ ನಿಲ್ಲುವವರೆಗೆ ಬ್ಲೀಡ್ ಮಾಡಿದೆವು.

ಅಕ್ಕನ ಮಗನಿಗೆ 46ರ ಸ್ಟಿಕ್ಕರ್ ಬೇಕಿತ್ತು. ಯಮಹಾದ ಮೇಲೆ ಆ ಸಂಖ್ಯೆ ಹೊತ್ತು ಓಡಿದ ರೇಸುಗಾರ ರೋಸ್ಸಿ ಅವನು ಹುಟ್ಟಿದ ಕಾಲದಿಂದ ಇಂದಿನವರೆಗೂ ಹುಡುಗರ ದೇವರು. ಅಂಟಿಸಿಕೊಳ್ಳಲಿ ಎಂದೆ. ಮ್ಯಾಗ್ನೆಟ್ ಕವರಿನ ಗೀರುಗಳನ್ನು ಮಾತ್ರ ಉಜ್ಜಿಸಲಿಲ್ಲ. ಅದು ಸೋರುವುದಿಲ್ಲ, ಬಿರಿದಿಲ್ಲ. ನಾಳೆ ಈ ಗಾಡಿಯನ್ನು ಕೊಳ್ಳಲು ಬಂದವರು ಆ ಗೀರು ನೋಡಿ "ಬಿದ್ದಿತ್ತಾ?" ಎಂದು ಕೇಳಲಿ, ಕೇಳಿದವರಿಗೆ ಹೇಳುವುದಕ್ಕೆ ನಮ್ಮಲ್ಲಿ ಉತ್ತರವಿದೆ.

ದಾರ ಕಟ್ಟಿ ಮತ್ತೆ ನೋಡಿದಾಗ ಎರಡೂ ಕಡೆಯ ಸಂದು ಒಂದೇ ಬಂತು. ಟೆಸ್ಟ್ ಓಡಾಟವನ್ನು ಬೆಳಗಿನ ರಿಂಗ್ ರೋಡಿನಲ್ಲಿ ಮೊದಲು ನಾನೇ ಮಾಡಿದೆ, ಪಟ್ಟಣದ ವೇಗದಿಂದ ಮೆಲ್ಲಗೆ ಏರಿಸುತ್ತ. ಮನೆಗೆ ಬಂದು ಆಕ್ಸಲ್, ಟಿ, ಕ್ಯಾಲಿಪರ್, ಹ್ಯಾಂಡಲ್ ಬೋಲ್ಟುಗಳನ್ನೆಲ್ಲ ಟಾರ್ಕ್ ರೆಂಚಿನಲ್ಲಿ ಇನ್ನೊಮ್ಮೆ ಪರೀಕ್ಷಿಸಿದೆ. ಹೊಸದಾಗಿ ಜೋಡಿಸಿದ ಭಾಗಗಳು ಓಡಿದ ಮೇಲೆ ತಮ್ಮ ಜಾಗದಲ್ಲಿ ಕೂರುತ್ತವೆ, ಬಿಗಿ ಕಡಿಮೆಯಾಗುತ್ತದೆ. ಹುಡುಗ ಕೀ ತೆಗೆದುಕೊಳ್ಳುವ ಮುನ್ನ ಹೊಸ ಹೆಲ್ಮೆಟ್ ಬಂತು, ಐಎಸ್ 4151 ಗುರುತಿನದು. ಗಾಡಿಯ ಜೊತೆ ಬಂದ ಹಳೆಯ ಹೆಲ್ಮೆಟ್ಟಿನ ಹೊರಚಿಪ್ಪು ಚೆನ್ನಾಗಿಯೇ ಇತ್ತು; ಒಳಗಿನ ಥರ್ಮೋಕೋಲಿನಂಥ ಪದರ ಒಂದು ಸಲ ಅದುಮಿತೆಂದರೆ ಅದರ ಕೆಲಸ ಮುಗಿಯಿತು, ಯಾವ ರಿಪೇರಿಗೂ ಅದು ಬಗ್ಗುವುದಿಲ್ಲ. ಪಟ್ಟಿಯನ್ನು ಕತ್ತರಿಸಿ ಕಸಕ್ಕೆ ಹಾಕಿದೆ. ಬೆಂಗಳೂರಿಗೆ ಹೋಗುವಾಗ ಸರ್ವಿಸ್ ರಸ್ತೆ ಹಿಡಿಯಬೇಕೆಂದು ಅವನಿಗೆ ಹೇಳುವ ಅಗತ್ಯವೇ ಇರಲಿಲ್ಲ. 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ಬೈಕುಗಳಿಗೆ ಪ್ರವೇಶವಿಲ್ಲ. ಅದಕ್ಕಾಗಿ ಬೇಸರಪಟ್ಟುಕೊಂಡವರಲ್ಲಿ ನಾನಿಲ್ಲ.

ಒಂದು ಹಾಳೆಯಲ್ಲಿ ಎಲ್ಲವನ್ನೂ ಬರೆದು, ಪ್ಲಾಸ್ಟಿಕ್ ಹೊದಿಕೆ ಹಾಕಿ ಸೀಟಿನ ಕೆಳಗೆ ಇಟ್ಟಿದ್ದೇವೆ. ಯಾವ ಬದಿಗೆ ಬಿದ್ದದ್ದು, ಯಾವುದಕ್ಕೆ ಬಡಿದದ್ದು, ಯಾವುದನ್ನು ಬದಲಾಯಿಸಿದ್ದು, ಯಾವುದನ್ನು ನೇರ ಮಾಡಿದ್ದು, ಯಾವುದನ್ನು ಪರೀಕ್ಷಿಸಿ ಹಾಗೆಯೇ ಉಳಿಸಿದ್ದು. ಆರ್‌ಸಿಯಲ್ಲಿ ಇಲ್ಲದ ಅಂಕಣ ಅದು. ಗಾಡಿ ಇನ್ನೆಷ್ಟು ಕೈ ಬದಲಾದರೂ ಹಾಳೆ ಜೊತೆಗೆ ಹೋಗಬೇಕೆಂದು ಹುಡುಗನಿಂದ ಮಾತು ತೆಗೆದುಕೊಂಡಿದ್ದೇನೆ.

29, 30ರ ಫಾರಂಗಳು ಮುಗಿದು ಹೆಸರು ಬದಲಾದ ಮೆಸೇಜು ಹೋದ ಸಂಜೆ ಹಳೆಯ ಯಜಮಾನರ ಫೋನು ಬಂತು. "ಗಾಡಿ ರೋಡಿಗೆ ಬಿಟ್ರಾ ಸರ್?" ಎಂದು ಕೇಳಿದರು. ಹೌದೆಂದು ಹೇಳಿ, ಹಾಳೆಯನ್ನು ತರಿಸಿ ಓದತೊಡಗಿದೆ. ನಡುವೆ ಒಂದು ಮಾತೂ ಆಡದೆ ಪೂರ್ತಿ ಕೇಳಿದರು. ಚಕ್ರದ ಬಿರುಕಿನ ವಿಷಯ ಬಂದಾಗ ಅಲ್ಲೇ ಇದ್ದ ಮಗನಿಗೆ ಏನೋ ಹೇಳಿದರು. ಓದಿ ಮುಗಿಸಿದ ಮೇಲೆ, "ಫ್ರಂಟ್ ಪೈಪು ನೇರ ಮಾಡ್ಸಿದ್ದಾ, ಹೊಸದಾ ಸರ್?" ಎಂದರು.

"ಹೊಸದು. ಎರಡೂ."

"ಆ ಪೇಪರಿಂದು ಒಂದು ಫೋಟೊ ಹಾಕಿ ಸರ್ ವಾಟ್ಸಾಪಿಗೆ. ಇವನು ಇನ್ನೊಂದು ಗಾಡಿ ನೋಡ್ತಾ ಇದಾನೆ. ಏನೇನ್ ಕೇಳ್ಬೇಕು ಅಂತ ಇವನಿಗೂ ಗೊತ್ತಾಗ್ಲಿ."